ಮೀನಿಗೂ ಬರುತ್ತದೆಯೇ ಸಕ್ಕರೆ ಕಾಯಿಲೆ?

ಮೀನಿಗೂ ನನಗೂ ಎಪ್ಪತ್ತು ವರ್ಷ ಯಾವ ಸಂಬಂಧವೂ ಇರಲಿಲ್ಲ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ನಾನು ಓದಿದ್ದು ಬಿ.ಕಾಂ. ದುಡಿದದ್ದು ಬ್ಯಾಂಕಿನ ಕೌಂಟರಿನಲ್ಲಿ. ಜಮಾ ಯಾವುದು, ಖರ್ಚು ಯಾವುದು, ಸಂಜೆಗೆ ಲೆಕ್ಕ ತಾಳೆಯಾಯಿತೇ ಇಲ್ಲವೇ, ಇಷ್ಟೇ ನನ್ನ ವಿದ್ಯೆ. ಆದರೂ ಕಳೆದ ಎರಡು ವರ್ಷಗಳಲ್ಲಿ ಮೀನಿನ ಊಟದ ಬಗ್ಗೆ ನಾನು ಓದಿದಷ್ಟು, ಕೇಳಿದಷ್ಟು, ನನ್ನ ಊಟದ ಬಗ್ಗೆಯೂ ಓದಿಲ್ಲ. ನನಗೆ ಹದಿನೆಂಟು ವರ್ಷದಿಂದ ಶುಗರ್ ಇದ್ದರೂ ಈ ಮಾತು ಖರೆ.

ಇದಕ್ಕೆ ಕಾರಣ ಕಮಲಾಪುರದಲ್ಲಿರುವ ನನ್ನ ತಂಗಿಯ ಮಗ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯ ಹಾದಿ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಕಲಬುರಗಿ ತೊಗರಿಗೂ 2019ರಲ್ಲಿ ಅದೇ ಮಾನ್ಯತೆ ಸಿಕ್ಕಿತು. ಅಳಿಯನ ಹೊಲದಲ್ಲಿ ಎರಡೂ ಇವೆ. ಜೊತೆಗೆ ಒಂದು ಕೃಷಿ ಹೊಂಡವೂ ಇದೆ. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಲ್ಲಿ ತೆಗೆಸಿದ್ದು. ಉದ್ದ 21 ಮೀಟರ್, ಅಗಲ 21 ಮೀಟರ್, ಆಳ 3 ಮೀಟರ್. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಮಳೆ ನೀರು ತುಂಬಿದರೆ ಏಪ್ರಿಲ್‌ವರೆಗೆ ನಿಲ್ಲುತ್ತದೆ.

ನೀರು ಸುಮ್ಮನೆ ನಿಂತಿದೆಯಲ್ಲ, ಮೀನು ಬಿಟ್ಟರೆ ಹೇಗೆ ಎಂದು ಅವನು 400 ಮರಿ ತಂದು ಬಿಟ್ಟ. ಕಾಟ್ಲಾ, ರೋಹು, ಮೃಗಾಲ್. ಮೂರೂ ಗೆಂಡೆ ಜಾತಿಯವು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ. ಒಂದೇ ಮನೆಯಲ್ಲಿ ಮೂರು ಅಂತಸ್ತಿನ ಬಾಡಿಗೆದಾರರು ಇದ್ದಂತೆ. ಇಂಥ ಮರಿಗಳು ಇಂದು ರೈತನ ಕೈಗೆ ಸುಲಭವಾಗಿ ಸಿಗುವುದಕ್ಕೆ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಕಾರಣ. ಅವರು 1957ರ ಜುಲೈ 10ರಂದು ಒಡಿಶಾದಲ್ಲಿ ಹಾರ್ಮೋನು ಚುಚ್ಚಿ ಗೆಂಡೆ ಮೀನು ಮೊಟ್ಟೆ ಇಡುವಂತೆ ಮಾಡಿದರು. ಅಲ್ಲಿಯವರೆಗೆ ಮಳೆಗಾಲದ ನದಿಯಲ್ಲಿ ಮರಿ ಹಿಡಿದು ತರಬೇಕಿತ್ತು. ಜುಲೈ 10 ಈಗ ದೇಶಕ್ಕೆಲ್ಲ ಮೀನು ಕೃಷಿಕರ ದಿನ.

ಮೊದಲ ವರ್ಷದ ಲೆಕ್ಕ

ಮೊದಲ ವರ್ಷ ಅಳಿಯ ಮೀನಿಗೆ ಹಾಕಿದ್ದು ಏನು? ಮನೆಯಲ್ಲಿ ಉಳಿದ ಅನ್ನ, ಒಣಗಿದ ರೊಟ್ಟಿ, ಮದುವೆ ಮನೆಯಿಂದ ಮಿಕ್ಕ ಅನ್ನದ ಬುಟ್ಟಿ, ಹುಳ ಬಿದ್ದ ಜೋಳದ ನುಚ್ಚು. ಮೀನು ಗಬಗಬ ತಿನ್ನುತ್ತಿದ್ದವು. ತಿನ್ನುವುದನ್ನು ನೋಡಿ ಅವನಿಗೆ ಹಿಗ್ಗು. ಒಂಬತ್ತು ತಿಂಗಳಾದ ಮೇಲೆ ಬಲೆ ಹಾಕಿದರೆ ಒಂದೊಂದು ಮೀನು 300 ಗ್ರಾಂ ಆಸುಪಾಸು. ಕಿಲೋ ಮುಟ್ಟಿದ್ದು ಒಂದೂ ಇಲ್ಲ. ಕೊಳ್ಳಲು ಬಂದವನು ಒಂದನ್ನು ಸೀಳಿ ತೋರಿಸಿದ. ಹೊಟ್ಟೆಯೊಳಗೆ ಬಿಳಿ ಕೊಬ್ಬಿನ ಎಳೆಗಳು, ಕೆಂಪಗಿರಬೇಕಾದ ಪಿತ್ತಜನಕಾಂಗ ಮಾಸಲು ಹಳದಿ. ಅದನ್ನೇ ನೆಪ ಮಾಡಿ ದರ ಇಳಿಸಿದ. ಮರಿ, ಬಲೆ, ಆಳು ಎಲ್ಲ ಲೆಕ್ಕ ಹಾಕಿದರೆ ಎರಡು ಸಾವಿರಕ್ಕೂ ಮೇಲೆ ಕೈಯಿಂದ ಹೋಯಿತು.

ಎರಡು ಸಾವಿರ ದೊಡ್ಡ ಮೊತ್ತವಲ್ಲ ಎನ್ನಬಹುದು. ಆದರೆ ಆ ವರ್ಷ ತೊಗರಿಯೂ ಕೈಕೊಟ್ಟಿತ್ತು, ಹೊಂಡಕ್ಕೆ ತನ್ನ ಪಾಲಿನ ಹಣಕ್ಕಾಗಿ ಮಾಡಿದ್ದ ಸಾಲವೂ ತಲೆಯ ಮೇಲಿತ್ತು. "ಈ ಸಲ ಭಿ ಹಿಂಗೇ ಆಯ್ತಂದ್ರ ಪುಣೇಕ್ಕ ಹೋಗ್ತೀನ್ರಿ ಮಾಮಾ. ಅಲ್ಲಿ ಗಾಡಿ ಹೊಡಿಲಕ್ಕ ಕರೀಲತ್ತಾರ" ಎಂದ. ನಮ್ಮ ಕಡೆಯ ಎಷ್ಟು ಮಂದಿ ಪುಣೆ, ಮುಂಬಯಿ, ಬೆಂಗಳೂರು ಎಂದು ಹೊರಟರೋ ಲೆಕ್ಕವಿಲ್ಲ. ಹೋದವರ ಮನೆಯಲ್ಲಿ ಮುದುಕರು ಮತ್ತು ಬೀಗ ಮಾತ್ರ ಉಳಿಯುತ್ತವೆ. ಮೊದಲಿಂದಲೂ ಮೀನು ಸಾಕುವುದು ಬೇಡ ಎನ್ನುತ್ತಿದ್ದ ನನ್ನ ತಂಗಿ ಅವತ್ತು ಬೇರೆಯೇ ಮಾತು ಆಡಿದಳು: "ಅಣ್ಣಾ, ಮೀನಾದ್ರೂ ಸಾಕ್ಲಿ, ಏನಾದ್ರೂ ಸಾಕ್ಲಿ. ಪೋರ ಊರ್ ಬಿಟ್ಟು ಹೋಗಬಾರ್ದು ನೋಡು."

ಹೀಗೆ ಮೀನಿನ ಊಟದ ಖಾತೆ ನನ್ನ ಮೇಜಿಗೆ ಬಂತು.

ಎಫ್‌ಡಿ ಮುರಿದು ಹಾಲಿನ ಬಿಲ್ಲು

ಅನ್ನ, ರೊಟ್ಟಿ, ಚುರುಮುರಿ, ಸಕ್ಕರೆ, ಬೆಲ್ಲ, ಬಾಳೆಹಣ್ಣು ಇವೆಲ್ಲ ನೋಡಲು ಬೇರೆ ಬೇರೆ. ಆದರೆ ಇವುಗಳಲ್ಲಿ ಹೆಚ್ಚಿಗೆ ಇರುವುದು ಒಂದೇ ವರ್ಗದ ವಸ್ತು. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಶರ್ಕರಪಿಷ್ಟ ಅಥವಾ ಕಾರ್ಬೋಹೈಡ್ರೇಟ್ ಎನ್ನುತ್ತಾರೆ. ಅದರಲ್ಲಿ ಮೂರು ಬಗೆ. ಬೇಗ ಕರಗುವ ಸಕ್ಕರೆ. ನಿಧಾನವಾಗಿ ಜೀರ್ಣವಾಗುವ ಪಿಷ್ಟ, ಅಂದರೆ ಅಕ್ಕಿ, ಜೋಳದ ಹಿಟ್ಟಿನಲ್ಲಿ ಇರುವಂಥದು. ಮೂರನೆಯದು ಹೊಟ್ಟು, ಸಿಪ್ಪೆಗಳಲ್ಲಿರುವ ನಾರು. ಇದನ್ನು ನಮ್ಮ ಹೊಟ್ಟೆ ಜೀರ್ಣಿಸಲಾರದು. ಮೊದಲಿನ ಎರಡು ಮೈಗೆ ಉರುವಲು. ಮೈ ಕಟ್ಟಲು ಬೇಕಾದ ಇಟ್ಟಿಗೆ ಬೇರೆ, ಅದು ಪ್ರೋಟೀನ್. ಬೇಳೆ, ಶೇಂಗಾ, ಹಾಲುಗಳಲ್ಲಿ ಇರುವುದು.

ಹಸು, ಕುರಿ, ಮನುಷ್ಯ ಎಲ್ಲರೂ ಉಣ್ಣುವುದರಲ್ಲಿ ದೊಡ್ಡ ಪಾಲು ಉರುವಲಿಗೆ ಹೋಗುತ್ತದೆ. ಮೈ ಬೆಚ್ಚಗಿರಬೇಕಲ್ಲ. ಮೀನಿಗೆ ಆ ಖರ್ಚಿಲ್ಲ. ಅದು ತಣ್ಣನೆ ರಕ್ತದ ಜೀವಿ, ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ ಬಿಸಿ. ನಿಲ್ಲಲು ಕಾಲಿನ ಬಲವೂ ಬೇಡ, ನೀರೇ ಎತ್ತಿ ಹಿಡಿಯುತ್ತದೆ. ಹಾಗಾಗಿ ಮೀನಿಗೆ ಉರುವಲು ಕಡಿಮೆ ಸಾಕು, ಇಟ್ಟಿಗೆಯ ಪಾಲು ಹೆಚ್ಚು ಬೇಕು. ಅನ್ನ ಮಾತ್ರ ಹಾಕಿದರೆ ಮನೆ ಕಟ್ಟುವವನಿಗೆ ಬರೀ ಸೌದೆ ಕೊಟ್ಟಂತೆ. ಉರಿಸಿ ಉಳಿದ ಸೌದೆ ಕೊಬ್ಬಾಗಿ ಹೊಟ್ಟೆಯಲ್ಲಿ, ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ಕೊಳ್ಳುವವನು ಸೀಳಿ ತೋರಿಸಿದ್ದು ಅದನ್ನೇ.

ಹಾಗಾದರೆ ಅನ್ನ, ನುಚ್ಚು ಬಿಟ್ಟು ಬರೀ ಶೇಂಗಾ ಹಿಂಡಿ ಹಾಕಿದರೆ? ಅದೂ ಸರಿಯಲ್ಲ. ಉರುವಲೇ ಇಲ್ಲದಿದ್ದರೆ ಮೀನು ಪ್ರೋಟೀನನ್ನೇ ಉರಿಸುತ್ತದೆ. ಬ್ಯಾಂಕಿನವನ ಮಾತಿನಲ್ಲಿ ಹೇಳಬೇಕೆಂದರೆ, ಮಗಳ ಮದುವೆಗೆಂದು ಇಟ್ಟ ಎಫ್‌ಡಿ ಮುರಿದು ತಿಂಗಳ ಹಾಲಿನ ಬಿಲ್ಲು ಕಟ್ಟಿದಂತೆ. ದುಬಾರಿ ಪ್ರೋಟೀನು ಮೈ ಬೆಳೆಸಲು ಹೋಗಲಿ, ದಿನದ ಖರ್ಚು ಅಗ್ಗದ ಪಿಷ್ಟದಿಂದ ನಡೆಯಲಿ. ಮೀನಿನ ಆಹಾರ ತಯಾರಿಸುವವರ ಲೆಕ್ಕಾಚಾರವೆಲ್ಲ ಇದರ ಸುತ್ತಲೇ ಇದೆ. ಪಿಷ್ಟ ಎಷ್ಟು ಇರಬೇಕು? ಎಷ್ಟು ದಾಟಿದರೆ ಬೆಳವಣಿಗೆ ಕುಂಠಿತವಾಗುತ್ತದೆ? ಅದು ಮೀನಿನ ಜಾತಿಯ ಮೇಲೆ ಹೋಗುತ್ತದೆ.

ಹೊಟ್ಟೆಯಿಲ್ಲದ ಮೀನು

ಮಕ್ಕಳೆ, ಒಂದು ಸೋಜಿಗ ಕೇಳಿ. ಗೆಂಡೆ ಜಾತಿಯ ಮೀನುಗಳಿಗೆ ಜಠರ ಇಲ್ಲ! ಬಾಯಲ್ಲಿ ಹಲ್ಲೂ ಇಲ್ಲ. ಹಲ್ಲು ಇರುವುದು ಗಂಟಲಿನಲ್ಲಿ. ಅಲ್ಲಿ ಅರೆದ ತುತ್ತು ನೇರವಾಗಿ ಕರುಳಿಗೆ ಇಳಿಯುತ್ತದೆ. ಕರುಳು ಮಾತ್ರ ಮೈಯ ಉದ್ದದ ಎಷ್ಟೋ ಪಟ್ಟು, ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಪಾಚಿ, ಸೊಪ್ಪು, ತೌಡು ತಿನ್ನುವ ಜೀವಿಗೆ ಇಂಥ ಉದ್ದ ಕರುಳು ಬೇಕು. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ರಸವೂ ಇವುಗಳಲ್ಲಿ ಧಾರಾಳ. ನಮ್ಮ ಕೆರೆಗಳಲ್ಲಿರುವ ಕೊರವ ಮೀನು ಹಾಗಲ್ಲ. ಅದು ಬೇಟೆಗಾರ. ಸಣ್ಣ ಮೀನು, ಕಪ್ಪೆ ಹಿಡಿದು ನುಂಗುತ್ತದೆ. ಅದರ ಕರುಳು ಗಿಡ್ಡ. ಅದಕ್ಕೆ ತೌಡು ಹಾಕಿ ಸಾಕುತ್ತೇನೆಂದರೆ ಹುಲಿಗೆ ಹುಲ್ಲು ಹಾಕಿದಂತೆ.

ಜಪಾನಿನ ಫುರುಯಿಚಿ ಮತ್ತು ಯೋನೆ ಎಂಬ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಮೂರು ಬಗೆಯ ಮೀನುಗಳಿಗೆ ಗ್ಲೂಕೋಸ್ ಕೊಟ್ಟು ರಕ್ತ ಪರೀಕ್ಷೆ ಮಾಡಿದರು. ನಮಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ ಗಂಟೆ ಗಂಟೆಗೆ ರಕ್ತ ತೆಗೆಯುತ್ತಾರಲ್ಲ, ಅದೇ ಪರೀಕ್ಷೆ. ಗೆಂಡೆ ಮೀನು ಉಳಿದವಕ್ಕಿಂತ ಚೆನ್ನಾಗಿ ಸಕ್ಕರೆಯನ್ನು ನಿಭಾಯಿಸಿತು. ಕೆಂಪು ಸೀಬ್ರೀಮ್ ಎಂಬ ಕಡಲ ಮೀನು ಎರಡನೆಯದು. ಸದಾ ಬೇಟೆಯಾಡುವ ಯೆಲ್ಲೋಟೇಲ್ ಎಂಬ ಮೀನು ಕಡೆಯದು. ಮಾಂಸಾಹಾರಿ ಮೀನುಗಳ ರಕ್ತದಲ್ಲಿ ಏರಿದ ಸಕ್ಕರೆ ಗಂಟೆಗಟ್ಟಲೆ ಇಳಿಯುವುದೇ ಇಲ್ಲ.

ಇದನ್ನು ನಾನು ಮನೆಯಲ್ಲಿ ಹೇಳಿದಾಗ ಐದನೆಯ ತರಗತಿಯ ಮೊಮ್ಮಗಳು ಕೇಳಿದಳು: "ಹಂಗಾದ್ರ ಮೀನಿಗಿ ಭಿ ಶುಗರ್ ಬರ್ತದಾ ಮುತ್ಯಾ? ಅವಕ್ಕ ಇನ್ಸುಲಿನ್ ಇರಂಗಿಲ್ಲಾ?"

ಒಳ್ಳೆಯ ಪ್ರಶ್ನೆ. ಇನ್ಸುಲಿನ್ ಇದೆ. ಇದಕ್ಕೊಂದು ಚರಿತ್ರೆಯೂ ಇದೆ. ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ತಂಡದ ಜೆ.ಜೆ.ಆರ್. ಮ್ಯಾಕ್ಲಿಯಾಡ್ 1922ರಲ್ಲಿ ಸಮುದ್ರ ತೀರಕ್ಕೆ ಹೋಗಿ ಮೀನುಗಳನ್ನು ಪರೀಕ್ಷಿಸಿದರು. ನಮ್ಮಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಮೇದೋಜೀರಕ ಗ್ರಂಥಿಯೊಳಗೆ ಚುಕ್ಕಿ ಚುಕ್ಕಿಯಾಗಿ ಹರಡಿವೆ. ಕೆಲವು ಮೀನುಗಳಲ್ಲಿ ಅವು ಪುಟ್ಟ ಗುಂಡಿಯಂತೆ ಬೇರೆಯೇ ಇರುತ್ತವೆ. ಆ ಗುಂಡಿಯ ರಸದಿಂದ ಸಕ್ಕರೆ ಇಳಿಯಿತು, ಗ್ರಂಥಿಯ ಉಳಿದ ಭಾಗದ ರಸದಿಂದ ಇಳಿಯಲಿಲ್ಲ. ಇನ್ಸುಲಿನ್ ಹುಟ್ಟುವ ಜಾಗ ಯಾವುದೆಂಬ ಸಂಶಯ ಹೀಗೆ ಮೀನಿನಿಂದ ಪರಿಹಾರವಾಯಿತು. ಮರುವರ್ಷ, 1923ರಲ್ಲಿ, ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಇಬ್ಬರಿಗೂ ನೊಬೆಲ್ ಬಂತು.

ಹಾಗಾಗಿ ಮೀನಿಗೆ ಇನ್ಸುಲಿನ್ ಇಲ್ಲದ್ದು ಸಮಸ್ಯೆಯಲ್ಲ. ನೀರಿನಲ್ಲಿ ಮೀನಿಗೆ ಸಕ್ಕರೆ, ಅನ್ನ ಸಿಗುವುದು ಅಪರೂಪ, ಅದನ್ನು ಬೇಗ ಬಳಸುವ ಅಭ್ಯಾಸ ಅದರ ಮೈಗಿಲ್ಲ. ಮನುಷ್ಯನಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಮೀನಿನ ಈ ಅಸಹನೆ ಬೇರೆ. ಹೋಲಿಕೆ ಇರುವುದು ರಕ್ತದ ರಿಪೋರ್ಟಿನಲ್ಲಿ ಮಾತ್ರ. ಇನ್ನೂ ಒಂದು ವಿಷಯ. ಗೆಂಡೆ ಮೀನಿಗೆ ಗ್ಲೂಕೋಸಿಗಿಂತ ಪಿಷ್ಟವೇ ಹಿತ, ಏಕೆಂದರೆ ಅದು ನಿಧಾನಕ್ಕೆ ರಕ್ತ ಸೇರುತ್ತದೆ. ಹಸಿ ಹಿಟ್ಟಿಗಿಂತ ಬೆಂದ ಹಿಟ್ಟು ಚೆನ್ನಾಗಿ ಜೀರ್ಣವಾಗುತ್ತದೆ. ನಾವು ಹಸಿ ಜೋಳದ ಹಿಟ್ಟು ಮುಕ್ಕುವುದಿಲ್ಲವಲ್ಲ, ರೊಟ್ಟಿ ಬಡಿದು ತಿನ್ನುತ್ತೇವೆ, ಹಾಗೆಯೇ. ಕಾರ್ಖಾನೆಯ ತೇಲುವ ಗುಳಿಗೆಗಳನ್ನು ಬಿಸಿ ಹಬೆಯಲ್ಲಿ ಒತ್ತಿ ತೆಗೆಯುವುದರಿಂದ ಅವುಗಳಲ್ಲಿನ ಪಿಷ್ಟ ಬೆಂದಿರುತ್ತದೆ.

ಸಮುದ್ರದ ಸೌತೆಕಾಯಿಯ ಊಟ

ಇದೇ ಪ್ರಶ್ನೆ ಮೀನಲ್ಲದ ಒಂದು ಪ್ರಾಣಿಯ ವಿಷಯದಲ್ಲೂ ಇದೆ. ಅದರ ಹೆಸರು ಸಮುದ್ರ ಸೌತೆಕಾಯಿ. ಹೆಸರು ಕೇಳಿ ಕೋಸಂಬರಿ ಮಾಡಲು ಹೊರಡಬೇಡಿ. ಅದು ನಕ್ಷತ್ರ ಮೀನಿನ ಬಳಗದ ಜೀವಿ. ಕಣ್ಣಿಲ್ಲ, ಮೆದುಳಿಲ್ಲ. ಕಡಲ ತಳದಲ್ಲಿ ಸೌತೆಕಾಯಿಯಂತೆ ಬಿದ್ದುಕೊಂಡು ಮಣ್ಣು ನುಂಗುತ್ತದೆ. ಮಣ್ಣಿನಲ್ಲಿರುವ ಕೊಳೆತ ಪಾಚಿ, ಸೂಕ್ಷ್ಮಜೀವಿಗಳನ್ನು ಹೀರಿಕೊಂಡು ಉಳಿದ ಮಣ್ಣನ್ನು ಹೊರಹಾಕುತ್ತದೆ. ಎರೆಹುಳು ಹೊಲದಲ್ಲಿ ಮಾಡುವ ಕೆಲಸವನ್ನೇ ಇದು ಕಡಲಿನಲ್ಲಿ ಮಾಡುತ್ತದೆ.

ಚೀನಾದಲ್ಲಿ ಇದು ದುಬಾರಿ ತಿನಿಸು. ಶಾಂಡಾಂಗ್, ಲಿಯಾವೊನಿಂಗ್ ಪ್ರಾಂತಗಳ ಕರಾವಳಿಯಲ್ಲಿ ದೊಡ್ಡ ದೊಡ್ಡ ಹೊಂಡಗಳಲ್ಲಿ ಸಾಕುತ್ತಾರೆ. ಕಡಲ ಪಾಚಿಯನ್ನು ಒಣಗಿಸಿ ಪುಡಿ ಮಾಡಿ, ಕಡಲ ಮಣ್ಣಿನ ಜೊತೆ ಕಲಸಿ ಹಾಕುತ್ತಾರೆ. ಪಾಚಿಯಲ್ಲಿ ಹೆಚ್ಚಿರುವುದು ಶರ್ಕರಪಿಷ್ಟವೇ, ಆದರೆ ಸುಲಭಕ್ಕೆ ಜೀರ್ಣವಾಗದ ಬಗೆಯದು. ಕರುಳಿನ ಬ್ಯಾಕ್ಟೀರಿಯಾಗಳ ಸಹಾಯ ಬೇಕು. ಪಾಚಿ ದುಬಾರಿಯಾದಂತೆ ಧಾನ್ಯದ ಹಿಟ್ಟು ಎಷ್ಟು ಬೆರೆಸಬಹುದು, ಯಾವ ಮಟ್ಟದವರೆಗೆ ಬೆಳವಣಿಗೆ ಚೆನ್ನಾಗಿರುತ್ತದೆ ಎಂದು ಅಲ್ಲಿನ ವಿಜ್ಞಾನಿಗಳೂ ಅಳೆಯುತ್ತಾರೆ. ಸೋಮಾರಿ ಜೀವಿಯಾದ್ದರಿಂದ ಅದರ ಉರುವಲಿನ ಖರ್ಚು ಮೀನಿಗಿಂತಲೂ ಕಡಿಮೆ. ಬೇಸಿಗೆಯಲ್ಲಿ ನೀರು ಬಿಸಿಯಾದರೆ ಅಲ್ಲಿನ ಜಾತಿ ಊಟ ಬಿಟ್ಟು ನಿದ್ದೆಗೆ ಜಾರುತ್ತದೆ, ಕರುಳೇ ಕುಗ್ಗಿ ಸಣ್ಣದಾಗುತ್ತದೆ.

ನಮ್ಮ ದೇಶದಲ್ಲಿ 2001ರಿಂದ ಸಮುದ್ರ ಸೌತೆಕಾಯಿಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅವನ್ನು ಕೊಲ್ಲುವುದು ಅಪರಾಧ. 2020ರಲ್ಲಿ ಲಕ್ಷದ್ವೀಪದಲ್ಲಿ ಇದಕ್ಕಾಗಿಯೇ ಒಂದು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಕಮಲಾಪುರದ ಹೊಂಡಕ್ಕೆ ಅದು ಬರುವುದಿಲ್ಲ. ಆದರೆ ಅಗ್ಗದ ಪಿಷ್ಟವನ್ನು ಎಷ್ಟರವರೆಗೆ ಉಣಿಸಬಹುದು ಎಂಬ ಚಿಂತೆ ಶಾಂಡಾಂಗ್‌ನ ರೈತನಿಗೂ ನಮ್ಮ ಹುಡುಗನಿಗೂ ಒಂದೇ.

ತೌಡು ಮತ್ತು ಹಿಂಡಿ

ಎರಡನೆಯ ವರ್ಷ ನಾವು ಇಬ್ಬರೂ ಮೀನುಗಾರಿಕೆ ಇಲಾಖೆಯ ಅಧಿಕಾರಿಯನ್ನು ಕಂಡೆವು. ಅವರು ಹೇಳಿದ್ದು ಹಳೆಯ ಸೂತ್ರ: ಅಕ್ಕಿ ತೌಡು ಒಂದು ಪಾಲು, ಶೇಂಗಾ ಹಿಂಡಿ ಒಂದು ಪಾಲು. ನಮ್ಮಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಪುಡಿಗೂ ಶೇಂಗಾ ಹಿಂಡಿ ಎಂದೇ ಹೆಸರು. ಮೊಮ್ಮಗಳು, "ಮೀನಿಗಿ ಖಾರ ಹತ್ತಂಗಿಲ್ಲಾ?" ಎಂದಳು. ಇದು ಆ ಹಿಂಡಿಯಲ್ಲ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಹಿಂಡಿ.

ಲೆಕ್ಕ ನೋಡಿ. ಶೇಂಗಾ ಹಿಂಡಿಯಲ್ಲಿ ನೂರಕ್ಕೆ ಸುಮಾರು 42 ಪಾಲು ಪ್ರೋಟೀನು. ತೌಡಿನಲ್ಲಿ ಸುಮಾರು 13. ಎರಡೂ ಸಮ ಬೆರೆಸಿದರೆ 42 ಕೂಡಿಸು 13, ಭಾಗಿಸು 2, ಅಂದರೆ 27.5. ಬೆಳೆಯುವ ಗೆಂಡೆಗೆ 25ರಿಂದ 30 ಸಾಕು. ತೌಡಿನ ಪಿಷ್ಟ ಉರುವಲಾಗುತ್ತದೆ. ಜೋಳದ ನುಚ್ಚಿನಲ್ಲಿ ಪ್ರೋಟೀನು ಹತ್ತರ ಆಸುಪಾಸು ಮಾತ್ರ, ಉಳಿದದ್ದು ಬಹುಪಾಲು ಪಿಷ್ಟ. ಮೊದಲ ವರ್ಷ ಮೀನು ಏಕೆ ಬೆಳೆಯಲಿಲ್ಲ ಎಂಬುದು ಈ ಒಂದು ಸಾಲಿನಲ್ಲಿದೆ. ಅದೂ ಅಲ್ಲದೆ ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆರೆಯಂತೆ ತಳದ ಮಣ್ಣಿಲ್ಲ. ಪಾಚಿ, ಹುಳುಗಳು ತಾವಾಗಿ ಹುಟ್ಟುವುದು ಕಡಿಮೆ. ಕೆರೆಯ ಮೀನು ಪ್ರೋಟೀನನ್ನು ತಾನೇ ಹುಡುಕಿಕೊಳ್ಳುತ್ತದೆ, ಹೊಂಡದ ಮೀನಿಗೆ ನಾವೇ ಕೊಡಬೇಕು.

ಆಂಧ್ರದ ಕೊಲ್ಲೇರು ಸುತ್ತಿನ ರೈತರು ಎಣ್ಣೆ ತೆಗೆದ ತೌಡನ್ನು ತೂತು ಮಾಡಿದ ಚೀಲದಲ್ಲಿ ತುಂಬಿ ಕೋಲಿಗೆ ಕಟ್ಟಿ ನೀರಿನಲ್ಲಿ ಇಳಿಬಿಡುತ್ತಾರೆ. ಮೀನು ಬಂದು ಚೀಲಕ್ಕೆ ಬಾಯಿ ಹಾಕಿ ತಿನ್ನುತ್ತವೆ, ಚೆಲ್ಲಿ ಹಾಳಾಗುವುದು ಕಡಿಮೆ. ಅಳಿಯನೂ ಹಾಗೆ ನಾಲ್ಕು ಕಡೆ ಚೀಲ ಕಟ್ಟಿದ. ಮೀನುಗಳ ಒಟ್ಟು ತೂಕ ಅಂದಾಜು ಮಾಡಿ ಮೊದಲಿಗೆ ದಿನಕ್ಕೆ ನೂರಕ್ಕೆ 5ರಷ್ಟು, ಬೆಳೆದಂತೆ ಇಳಿಸುತ್ತ 2ರಷ್ಟು. ಹದಿನೈದು ದಿನಕ್ಕೊಮ್ಮೆ ಹತ್ತು ಮೀನು ಹಿಡಿದು ತೂಗಿ ನನಗೆ ಫೋನ್ ಮಾಡುತ್ತಿದ್ದ. ನಾನು ಇಲ್ಲಿ ಕಲಬುರಗಿಯಲ್ಲಿ ಹಳೆಯ ಲೆಡ್ಜರಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಬೂಷ್ಟು ಹಿಡಿದ ಹಿಂಡಿ ಮಾತ್ರ ಹಾಕಬಾರದು, ಅದರಲ್ಲಿರುವ ವಿಷ ಮೀನಿನ ಪಿತ್ತಜನಕಾಂಗಕ್ಕೆ ಕೇಡು.

ಹಿಂಡಿಯ ಬೆಲೆ ಏರಿದಾಗ ನಮಗೆ ನೆರವಾದದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿದ್ದ ಡಾ. ಎಂ.ಸಿ. ನಂದೀಶ ಅವರ ಕೆಲಸ. 1969ರಲ್ಲಿ ಆರಂಭವಾದ ಕಾಲೇಜು ಅದು. ನಂದೀಶ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಗೆಂಡೆ ಮೀನುಗಳಿಗೆ ದಿನವೂ ಪ್ರೋಟೀನು ಹೆಚ್ಚಿರುವ ಆಹಾರ ಕೊಡದೆ, ಕೆಲವು ದಿನ ಕಡಿಮೆಯದು, ಕೆಲವು ದಿನ ಹೆಚ್ಚಿನದು ಎಂದು ಸರದಿ ಮಾಡಿ ನೋಡಿದರು. ಸರಿಯಾದ ಸರದಿಯಲ್ಲಿ ಬೆಳವಣಿಗೆ ಕುಗ್ಗಲಿಲ್ಲ, ಖರ್ಚು ಉಳಿಯಿತು. ನಮ್ಮ ಮನೆಗಳಲ್ಲಿಯೂ ದಿನಾ ಹೋಳಿಗೆ ಇರುವುದಿಲ್ಲವಲ್ಲ. ಅಳಿಯ ಒಂದು ದಿನ ತೌಡು ಹೆಚ್ಚು, ಎರಡು ದಿನ ಸಮಪಾಲು ಎಂದು ನಡೆಸಿದ. ತೌಡಿಗೆ ನಮ್ಮ ದಾಲ್ ಮಿಲ್ಲುಗಳ ತೊಗರಿ ಚುನ್ನಿಯನ್ನೂ ಸ್ವಲ್ಪ ಬೆರೆಸಿದ. ಚುನ್ನಿಯಲ್ಲಿ ನಾರು ಹೆಚ್ಚು, ಬಹಳ ಬೆರೆಸುವಂತಿಲ್ಲ.

ಬೆಲ್ಲದ ಪೆಂಟಿಯ ಪ್ರಕರಣ

ದೀಪಾವಳಿ ಹೊತ್ತಿಗೆ ಅಳಿಯ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ. ನೀರಿಗೆ ಬೆಲ್ಲ ಹಾಕಿದರೆ ಮೀನು ಎರಡು ಪಟ್ಟು ಬೆಳೆಯುತ್ತದೆ ಎಂದು ಅದರಲ್ಲಿ ಹೇಳಿದ್ದರು. ಎರಡು ಪೆಂಟಿ ಬೆಲ್ಲ ತಂದಿಟ್ಟುಕೊಂಡು ಫೋನ್ ಮಾಡಿದ.

ವಿಡಿಯೊದಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ. ಅದಕ್ಕೆ ಬಯೋಫ್ಲಾಕ್ ಪದ್ಧತಿ ಎನ್ನುತ್ತಾರೆ. ಮೀನು ತಿಂದ ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗ ಮಾತ್ರ ಮೈಗೆ ಹತ್ತುತ್ತದೆ. ಉಳಿದದ್ದರಲ್ಲಿ ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರು ಸೇರುತ್ತದೆ. ಅಮೋನಿಯಾ ಮೀನಿಗೆ ವಿಷ. ಇಸ್ರೇಲಿನ ಯೋರಾಮ್ ಅವ್ನಿಮೆಲೆಕ್ ಎಂಬ ವಿಜ್ಞಾನಿ 1999ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ನೀರಿಗೆ ಸಕ್ಕರೆ ಅಥವಾ ಪಿಷ್ಟ ಹಾಕಿದರೆ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತ ಅಮೋನಿಯಾದ ಸಾರಜನಕವನ್ನೂ ಎಳೆದುಕೊಂಡು ಬೆಳೆಯುತ್ತವೆ. ಮುದ್ದೆಗಟ್ಟಿದ ಆ ಬ್ಯಾಕ್ಟೀರಿಯಾಗಳೇ ಮತ್ತೆ ಮೀನಿಗೆ ಆಹಾರ. ಕಸದಿಂದ ರಸ! ಒಂದು ಗ್ರಾಂ ಸಾರಜನಕ ಹಿಡಿಯಲು ಸುಮಾರು 20 ಗ್ರಾಂ ಶರ್ಕರಪಿಷ್ಟ ಬೇಕು.

ಮಕ್ಕಳು ಈ ಲೆಕ್ಕ ಮಾಡಿ ನೋಡಬಹುದು. ನೂರಕ್ಕೆ 30 ಪ್ರೋಟೀನು ಇರುವ ಒಂದು ಕಿಲೋ ಆಹಾರದಲ್ಲಿ ಪ್ರೋಟೀನು 300 ಗ್ರಾಂ. ಪ್ರೋಟೀನಿನಲ್ಲಿ ನೂರಕ್ಕೆ 16 ಸಾರಜನಕ, ಅಂದರೆ 48 ಗ್ರಾಂ. ಅದರಲ್ಲಿ ಅರ್ಧ ಅಮೋನಿಯಾ ಆಯಿತು ಎನ್ನಿ, 24 ಗ್ರಾಂ. ಇಪ್ಪತ್ತರಿಂದ ಗುಣಿಸಿದರೆ 480 ಗ್ರಾಂ. ಒಂದು ಕಿಲೋ ಆಹಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ಬೆಲ್ಲ!

ವಿಡಿಯೊದಲ್ಲಿ ಹೇಳದೆ ಬಿಟ್ಟದ್ದು ಆಮ್ಲಜನಕದ ಖರ್ಚು. ಬ್ಯಾಕ್ಟೀರಿಯಾಗಳು ಬೆಲ್ಲ ತಿನ್ನುವಾಗ ನೀರಿನ ಆಮ್ಲಜನಕವನ್ನೂ ಹೀರುತ್ತವೆ. ಬಯೋಫ್ಲಾಕ್ ತೊಟ್ಟಿಗಳಲ್ಲಿ ಹಗಲೂ ರಾತ್ರಿ ಯಂತ್ರದಿಂದ ಗಾಳಿ ಊದುತ್ತಲೇ ಇರಬೇಕು. 2020ರಲ್ಲಿ ಬಂದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇಂಥ ತೊಟ್ಟಿಗಳಿಗೆ ಸಹಾಯಧನವನ್ನೂ ಇಟ್ಟರು, ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60. ಆದರೆ ಗಾಳಿಯಂತ್ರ ಇಲ್ಲದ, ರಾತ್ರಿ ಕರೆಂಟು ಇರುತ್ತದೋ ಇಲ್ಲವೋ ಎನ್ನುವ ಹೊಲದ ಹೊಂಡಕ್ಕೆ ಬೆಲ್ಲ ಸುರಿದರೆ? ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಅದರ ಮೇಲೆ ಬೆಲ್ಲದ ಭಾರವೂ ಬಿದ್ದರೆ ಬೆಳಿಗ್ಗೆ ಮೀನೆಲ್ಲ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

ಅಳಿಯ ಒಪ್ಪಲಿಲ್ಲ. "ಅವ್ರು ಹಾಕ್ಯಾರಲ್ರಿ ಮಾಮಾ, ಕಣ್ಣಾರೆ ನೋಡೀನಿ" ಎಂದ. "ಅವ್ರ ಹೊಂಡ್ದಾಗ ಗುಳುಗುಳು ಗಾಳಿ ಬರೋದು ನೋಡಿದ್ಯೋ ಇಲ್ಲೋ?" ಎಂದೆ. ಅಧಿಕಾರಿಗೆ ಫೋನ್ ಹಚ್ಚಿದೆವು. ಅವರೂ "ಗಾಳಿಯಂತ್ರ ಇಲ್ಲದೆ ಬೆಲ್ಲ ಬೇಡವೇ ಬೇಡ" ಎಂದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಹುಡುಗ ಮಾತು ಕೇಳುತ್ತಾನೋ ಇಲ್ಲವೋ ಎಂದು. ಮರುದಿನ ತಂಗಿಯ ಫೋನ್ ಬಂತು. ಬೆಲ್ಲವನ್ನು ಅಡುಗೆ ಮನೆಗೆ ಕೊಟ್ಟಿದ್ದಾನಂತೆ, ಹೋಳಿಗೆ ಮಾಡುತ್ತಾಳಂತೆ, ನಾನು ಮಾತ್ರ ಬರಬಾರದಂತೆ!

ಬೆಲ್ಲದ ಬದಲು ಮತ್ತೊಂದು ನಿಧಾನದ ದಾರಿ ಇದೆ. ಮಂಗಳೂರಿನ ಅದೇ ಕಾಲೇಜಿನ ಡಾ. ಕೆ.ಎಂ. ಶಂಕರ್ ಅವರ ತಂಡ ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿಸಿದ ಅಂತರಗಂಗೆ ಮೂರನ್ನೂ ನೀರಿನಲ್ಲಿ ಇಳಿಬಿಟ್ಟು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿತು. ಸಿಪ್ಪೆಯ ನಾರೂ ಶರ್ಕರಪಿಷ್ಟವೇ. ಮೀನು ಅದನ್ನು ಜೀರ್ಣಿಸಲಾರದು, ಆದರೆ ಬ್ಯಾಕ್ಟೀರಿಯಾಗಳು ಅದರ ಮೇಲೆ ಲೋಳೆಯಂತೆ ಬೆಳೆಯುತ್ತವೆ. ಮೀನು ಆ ಲೋಳೆಯನ್ನು ಕೆರೆದು ತಿನ್ನುತ್ತದೆ. ಮೂರರಲ್ಲಿ ಕಬ್ಬಿನ ಸಿಪ್ಪೆಯೇ ಮೇಲಾಯಿತು. ನಮ್ಮಲ್ಲಿ ಕಬ್ಬಿನ ಹಾಲಿನ ಅಂಗಡಿಗಳ ಮುಂದೆ ಸಿಪ್ಪೆಗೇನು ಬರ. ಅಳಿಯ ಒಣಗಿಸಿದ ಸಿಪ್ಪೆಯ ಕೆಲವೇ ಸಣ್ಣ ಕಟ್ಟುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಹಗ್ಗ ಏಕೆಂದರೆ ನೀರು ವಾಸನೆ ಬಂದರೆ, ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆದರೆ ತಕ್ಷಣ ಎಳೆದು ಹಾಕಬಹುದು.

ಎರಡನೆಯ ವರ್ಷದ ತಾಳೆಪಟ್ಟಿ

ಏಪ್ರಿಲ್ ಕೊನೆಗೆ ನೀರು ಇಳಿದಾಗ ಬಲೆ ಹಾಕಿದೆವು. 400ರಲ್ಲಿ 290 ಮೀನು ಸಿಕ್ಕವು. ಸರಾಸರಿ ತೂಕ 650 ಗ್ರಾಂ. ಒಟ್ಟು 188 ಕಿಲೋ. ಹೊಂಡದ ದಂಡೆಯ ಮೇಲೆಯೇ ಕಿಲೋಗೆ 130 ರೂಪಾಯಿಯಂತೆ ಹೋಯಿತು. ಬಂದದ್ದು 24,440 ರೂಪಾಯಿ. ಖರ್ಚು: ಮರಿಗೆ 2,000, ತೌಡು, ಹಿಂಡಿ, ಚುನ್ನಿಗೆ 13,760, ಸುಣ್ಣ, ಬಲೆ, ಆಳಿಗೆ 2,500. ಉಳಿದದ್ದು 6,180 ರೂಪಾಯಿ. ಸೀಳಿ ನೋಡಿದರೆ ಪಿತ್ತಜನಕಾಂಗ ಕೆಂಪಗಿತ್ತು.

ಒಂಬತ್ತು ತಿಂಗಳಿಗೆ ಆರು ಸಾವಿರ ಎಂದರೆ ಸಂಸಾರ ನಡೆಯುವ ಆದಾಯವಲ್ಲ. ಇದನ್ನು ಓದಿ ಯಾರೂ ಸಾಲ ಮಾಡಿ ಮೀನಿಗೆ ಇಳಿಯಬೇಡಿ. ಹೊಂಡ ಮೊದಲೇ ಇದ್ದವರಿಗೆ, ಹಿಂಡಿ ತೌಡು ಹತ್ತಿರ ಸಿಗುವವರಿಗೆ ಇದೊಂದು ಕೈಖರ್ಚಿನ ದಾರಿ. ಮೀನಿದ್ದ ನೀರು ಬಾಳೆಗೆ ಹೋಯಿತು. ಅದರಲ್ಲಿ ಗೊಬ್ಬರದ ಅಂಶವೂ ಇತ್ತು, ಅದಕ್ಕೆ ನಾನು ಬೆಲೆ ಕಟ್ಟಿಲ್ಲ. ಲೆಡ್ಜರಿನಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ.

ಸಾಲದ ಒಂದು ಕಂತು ಆ ಹಣದಿಂದ ಕಟ್ಟಿದ. ಪುಣೆಯವರಿಗೆ ಈ ವರ್ಷ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ. ಮುಂದಿನ ವರ್ಷದ ಮಾತು ಮಳೆಯ ಕೈಯಲ್ಲಿದೆ. ಜೂನ್‌ನಲ್ಲಿ ಹೊಂಡ ತುಂಬಿದರೆ ಈ ಸಲ 350 ಮರಿ ಸಾಕಂತೆ, ಇಕ್ಕಟ್ಟು ಕಡಿಮೆಯಾದರೆ ಮುಕ್ಕಾಲು ಕಿಲೋ ತೂಗಬಹುದು ಎಂಬುದು ಅವನ ಲೆಕ್ಕ. ಹಿಂಡಿಯ ದರ ಈಗಲೇ ವಿಚಾರಿಸುತ್ತಿದ್ದಾನೆ.